ಹಳೆಯ ಕಾರಿನ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಸೋರುತ್ತಿದೆಯೇ?

ಇಂದಿಗೂ ಕೆಲವು ರೈತ ಬಂಧುಗಳ ಅಂಗಳದಲ್ಲಿ ಹಳೆಯ ಅಂಬಾಸಡರ್ ಕಾರು ನಿಂತಿರುವುದನ್ನು ಕಾಣುತ್ತೇವೆ. 1958ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ಮಣ್ಣಿನ ರಸ್ತೆಗೆ ಹೊಂದುವ ಗಟ್ಟಿ ಗಾಡಿ ಎಂದು ಅದನ್ನು ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಇಂಥ ಗಾಡಿಗಳಲ್ಲಿ ಬರುವ ಒಂದು ಸಾಮಾನ್ಯ ತೊಂದರೆ ಎಂದರೆ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಸೋರುವುದು.

ಪೆಟ್ರೋಲ್ ವಾಸನೆ ಬಂದೊಡನೆ ಕೆಲವರು ಸ್ಪ್ಯಾನರ್ ಹಿಡಿದು ಕಂಡ ಕಂಡ ನಟ್ಟುಗಳನ್ನೆಲ್ಲ ಬಿಗಿ ಮಾಡುತ್ತಾರೆ. ಇನ್ನು ಕೆಲವರು ಕಾರ್ಬ್ಯುರೇಟರನ್ನೇ ಬದಲಾಯಿಸುತ್ತಾರೆ. ಎರಡೂ ಸರಿಯಾದ ಕ್ರಮವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಇರುವುದು ಒಂದು ಸಣ್ಣ ಸೂಜಿ, ಒಂದು ವಾಷರ್ ಅಥವಾ ಒಂದು ರಬ್ಬರ್ ಬಿಲ್ಲೆಯಲ್ಲಿ. ಅದು ಯಾವುದು ಎಂಬುದನ್ನು ಮೊದಲು ಕಂಡುಕೊಂಡರೆ ಸ್ವಲ್ಪ ಖರ್ಚಿನಲ್ಲೇ ದುರಸ್ತಿ ಮುಗಿಯುತ್ತದೆ.

ಮೊದಲು ಬೆಂಕಿಯ ಎಚ್ಚರ

ಸೋರಿಕೆಯಿಂದ ಪೆಟ್ರೋಲ್ ಪೋಲಾಗುವುದು ಸಣ್ಣ ನಷ್ಟ. ನಿಜವಾದ ಅಪಾಯ ಬೆಂಕಿಯದು. ಸೊನ್ನೆ ಡಿಗ್ರಿಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಈ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೆ ಹೋಗದೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇರುವ ಅಂಬಾಸಡರ್‌ನಲ್ಲಿ ಕಾರ್ಬ್ಯುರೇಟರ್ ಮತ್ತು ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್ನಿನ ಒಂದೇ ಬದಿಯಲ್ಲಿವೆ. ಹೀಗಾಗಿ ತೊಟ್ಟಿಕ್ಕುವ ಪೆಟ್ರೋಲ್ ಕಾದ ಕಬ್ಬಿಣದ ಮೇಲೆ ಬೀಳುವ ಸಂಭವ ಹೆಚ್ಚು. ಆದುದರಿಂದ ಸೋರುವ ಗಾಡಿಯನ್ನು 'ಪೇಟೆಗೆ ಒಂದು ಸಲ ಹೋಗಿ ಬಂದು ನೋಡೋಣ' ಎಂದು ಓಡಿಸಬೇಡಿ.

ಕೆಲಸಕ್ಕೆ ಕೈ ಹಾಕುವ ಮುನ್ನ ಈ ಕ್ರಮಗಳನ್ನು ತಪ್ಪದೆ ಅನುಸರಿಸಿ:

1. ಹುಲ್ಲಿನ ಬಣವೆ, ದನದ ಕೊಟ್ಟಿಗೆ ಹಾಗೂ ಒಲೆಯಿಂದ ದೂರಕ್ಕೆ, ಗಾಳಿಯಾಡುವ ಬಯಲಿಗೆ ಗಾಡಿಯನ್ನು ತಳ್ಳಿಕೊಂಡು ಹೋಗಿ ನಿಲ್ಲಿಸಿ.
2. ಎಂಜಿನ್ ಪೂರ್ತಿ ತಣಿದಿರಲಿ. ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿ.
3. ಬೀಡಿ, ಲಾಂದ್ರ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಬೆಳಕು ಬೇಕಾದರೆ ಬ್ಯಾಟರಿ ಟಾರ್ಚನ್ನು ದೂರದಲ್ಲೇ ಹೊತ್ತಿಸಿಕೊಂಡು ಬನ್ನಿ.
4. ಒಣ ಪುಡಿಯ ಅಗ್ನಿಶಾಮಕ, ಅದಿಲ್ಲದಿದ್ದರೆ ಒಂದೆರಡು ಬಕೆಟ್ ಒಣ ಮರಳು ಪಕ್ಕದಲ್ಲಿರಲಿ. ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ. ನೀರಿನ ಮೇಲೆ ಪೆಟ್ರೋಲ್ ತೇಲಿ ಬೆಂಕಿ ಇನ್ನಷ್ಟು ಹರಡುತ್ತದೆ.
5. ಬಸಿದ ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಿಡಿಯಿರಿ.

ಒಳಗೆ ನಡೆಯುವ ಕೆಲಸ

ದನಗಳಿಗೆ ನೀರು ಕುಡಿಸುವ ತೊಟ್ಟಿಗೆ ಕೂಡಿಸಿದ ಬಾಲ್ ವಾಲ್ವನ್ನು ನೀವು ನೋಡಿರಬಹುದು. ನೀರು ಏರಿದಂತೆ ಚೆಂಡು ತೇಲಿ ಮೇಲೇರುತ್ತದೆ, ನಲ್ಲಿ ಮುಚ್ಚಿಕೊಳ್ಳುತ್ತದೆ. ಕಾರ್ಬ್ಯುರೇಟರ್‌ನ ಪಕ್ಕದಲ್ಲಿರುವ ಸಣ್ಣ ಬಟ್ಟಲಿನಲ್ಲೂ ಇದೇ ಏರ್ಪಾಡು ಇದೆ. ಪಂಪಿನಿಂದ ಬಂದ ಪೆಟ್ರೋಲ್ ಈ ಬಟ್ಟಲನ್ನು ತುಂಬುತ್ತದೆ. ತೇಲುವ ಫ್ಲೋಟ್ ಮೇಲೇರಿ ಒಂದು ಸೂಜಿಯನ್ನು ಅದರ ಗೂಡಿಗೆ ಒತ್ತುತ್ತದೆ. ಒಳಬರುವ ದಾರಿ ಮುಚ್ಚುತ್ತದೆ. ಬಟ್ಟಲಿನಿಂದ ಪೆಟ್ರೋಲ್ ಜೆಟ್ ಎಂಬ ಸಣ್ಣ ನಳಿಕೆಗೆ ಹೋಗಿ, ಅಲ್ಲಿಂದ ಗಾಳಿಯೊಡನೆ ಬೆರೆತು ಎಂಜಿನ್ನನ್ನು ಸೇರುತ್ತದೆ.

ಅಂಬಾಸಡರ್‌ನಲ್ಲಿ ಬಳಸಿದ ಎಸ್.ಯು. ಎಚ್.ಎಸ್. ಮಾದರಿಯ ಕಾರ್ಬ್ಯುರೇಟರ್‌ನಲ್ಲಿ ಬಟ್ಟಲಿನ ತಳದಿಂದ ಜೆಟ್‌ಗೆ ಒಂದು ಸಪೂರ ನೈಲಾನ್ ಕೊಳವೆ ಹೋಗುತ್ತದೆ. ಇದಕ್ಕಿಂತ ಹಳೆಯದಾದ ಎಚ್. ಮಾದರಿಯಲ್ಲಿ ಕೊಳವೆಗೆ ಬದಲಾಗಿ ಜೆಟ್ ಸುತ್ತ ಬೆಂಡಿನ ಬಿಲ್ಲೆಗಳಿರುತ್ತವೆ. ಜೀಪುಗಳ ಕಾರ್ಬ್ಯುರೇಟರ್ ಬೇರೆ ರೂಪದ್ದಾದರೂ ಫ್ಲೋಟ್ ಮತ್ತು ಸೂಜಿಯ ತತ್ವ ಒಂದೇ.

ಎಲ್ಲಿ ಒದ್ದೆ? ಯಾವಾಗ ಒದ್ದೆ?

ಕಾರ್ಬ್ಯುರೇಟರ್‌ನ ಹೊರಮೈಯನ್ನು ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಿ. ಪ್ರತಿಯೊಂದು ಕೂಡಿಕೆಯ ಹೊರಗೂ ಸೀಮೆಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಪೆಟ್ರೋಲ್ ತಗುಲಿದ ಕಡೆ ಈ ಗೆರೆ ಕಪ್ಪಾಗಿ ಕಾಣುತ್ತದೆ. ಎಂಜಿನ್ನಿನಿಂದ ನಡೆಯುವ ಪೆಟ್ರೋಲ್ ಪಂಪಿನ ಬದಿಯಲ್ಲಿ ಕೈಯಿಂದ ಆಡಿಸುವ ಸಣ್ಣ ಸನ್ನೆ ಇದ್ದರೆ, ಅದನ್ನು ಕೆಲವು ಸಲ ಆಡಿಸಿ ಬಟ್ಟಲನ್ನು ತುಂಬಿಸಿ. ಹೀಗೆ ಮಾಡಿದರೆ ಎಂಜಿನ್ ಚಾಲೂ ಮಾಡದೆಯೇ ಸೋರಿಕೆಯನ್ನು ಹುಡುಕಬಹುದು. ಈಗ ಗಮನಿಸಿ:

1. ಪಂಪು ಒತ್ತುವಾಗ ಮಾತ್ರ ಪೆಟ್ರೋಲ್ ಒಳಬರುವ ಕೊಳವೆಯ ಬುಡ ಒದ್ದೆಯಾದರೆ, ತಪ್ಪು ರಬ್ಬರ್ ಕೊಳವೆ, ಅದರ ಕ್ಲಿಪ್ಪು ಅಥವಾ ವಾಷರ್‌ನಲ್ಲಿದೆ.
2. ಬಟ್ಟಲಿನ ಮುಚ್ಚಳದ ಅಂಚಿನಿಂದ ಅಥವಾ ಗಾಳಿಕೊಳವೆಯಿಂದ ಪೆಟ್ರೋಲ್ ಉಕ್ಕಿ ಬಂದರೆ, ಸೂಜಿ ಮುಚ್ಚುತ್ತಿಲ್ಲ ಅಥವಾ ಫ್ಲೋಟ್ ಏರುತ್ತಿಲ್ಲ ಎಂದು ತಿಳಿಯಿರಿ.
3. ಪಂಪು ಸುಮ್ಮನಿದ್ದರೂ ಬಟ್ಟಲು ಖಾಲಿಯಾಗುವವರೆಗೆ ಕೆಳಗಡೆ ತೊಟ್ಟಿಕ್ಕುತ್ತಿದ್ದರೆ, ಜೆಟ್ ಕೊಳವೆ ಅಥವಾ ಅದರ ರಬ್ಬರ್ ಬಿಲ್ಲೆ ಹೋಗಿದೆ.

ಫ್ಲೋಟ್ ಮತ್ತು ಸೂಜಿ

ಪೆಟ್ರೋಲ್ ಕೊಳವೆಯನ್ನು ಕಳಚಿ, ಬಟ್ಟಲಿನ ಮುಚ್ಚಳ ತೆಗೆಯಿರಿ. ತಳದಲ್ಲಿ ಕೆಸರು, ತುಕ್ಕಿನ ಪುಡಿ ಇದ್ದರೆ ತೊಳೆಯಿರಿ. ಒಂದು ಕಣ ಕಸ ಸೂಜಿಯ ಗೂಡಿನಲ್ಲಿ ಕುಳಿತರೂ ಪೆಟ್ರೋಲ್ ಉಕ್ಕುತ್ತದೆ. ಮೇಲಿಂದ ಮೇಲೆ ಕಸ ಬರುತ್ತಿದ್ದರೆ ಟ್ಯಾಂಕಿನ ತುಕ್ಕನ್ನೂ ಫಿಲ್ಟರನ್ನೂ ನೋಡಬೇಕು.

ಸೂಜಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ. ಮೊನೆಯ ಸುತ್ತ ಸವೆದ ಬಳೆಯಂಥ ಗುರುತು ಕಂಡರೆ ಉಜ್ಜಿ ಸರಿಪಡಿಸಲು ಹೋಗಬೇಡಿ. ಸೂಜಿ ಮತ್ತು ಗೂಡು ಎರಡನ್ನೂ ಜೊತೆಯಾಗಿಯೇ ಬದಲಾಯಿಸಿ.

ಫ್ಲೋಟನ್ನು ಕಿವಿಯ ಬಳಿ ಅಲುಗಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಕೇಳಿದರೆ ಅದು ತೂತಾಗಿದೆ. ಹಿತ್ತಾಳೆಯ ಫ್ಲೋಟ್ ಆದರೆ ಬಿಸಿನೀರಿನಲ್ಲಿ ಮುಳುಗಿಸಿದಾಗ ತೂತಿನಿಂದ ಗುಳ್ಳೆಗಳು ಏಳುತ್ತವೆ. ಒಳಗೆ ಪೆಟ್ರೋಲ್ ಇರುವ ಫ್ಲೋಟಿಗೆ ಬೆಸುಗೆ ಹಾಕಲು ಹೋದರೆ ಸಿಡಿಯುತ್ತದೆ. ಹೊಸದನ್ನು ಹಾಕುವುದೇ ಕ್ಷೇಮ.

ಜೋಡಿಸುವಾಗ ಫ್ಲೋಟಿನ ಎತ್ತರವನ್ನು ಅಳೆಯಿರಿ. ನೈಲಾನ್ ಫ್ಲೋಟ್ ಇರುವ ಎಚ್.ಎಸ್. ಮಾದರಿಯಲ್ಲಿ ಮುಚ್ಚಳವನ್ನು ಬೋರಲಾಗಿ ಹಿಡಿದು ಸೂಜಿ ಮುಚ್ಚಿಕೊಂಡಿರುವಾಗ, ಫ್ಲೋಟ್ ಮತ್ತು ಮುಚ್ಚಳದ ಅಂಚಿನ ನಡುವೆ 3ರಿಂದ 5 ಮಿ.ಮೀ. ಅಂತರವಿರಬೇಕು. ಈ ದಪ್ಪದ ಡ್ರಿಲ್ ಕಡ್ಡಿಯೊಂದನ್ನು ನಡುವೆ ಇಟ್ಟು ಸುಲಭವಾಗಿ ನೋಡಬಹುದು.

ರಬ್ಬರ್ ಬಿಲ್ಲೆ ಮತ್ತು ಎಥನಾಲ್

ಜೆಟ್‌ನ ನೈಲಾನ್ ಕೊಳವೆ ಬಟ್ಟಲನ್ನು ಸೇರುವ ಕಡೆ ಒಂದು ನಟ್ಟು, ವಾಷರ್ ಮತ್ತು ರಬ್ಬರ್ ಬಿಲ್ಲೆ ಇವೆ. ಗಟ್ಟಿಯಾದ ಹಳೆಯ ರಬ್ಬರನ್ನು ಎಷ್ಟು ಬಿಗಿದರೂ ಸೋರಿಕೆ ನಿಲ್ಲದು. ಬದಲಿಗೆ ನಟ್ಟಿನ ಮರೆ ಹಾಳಾಗುತ್ತದೆ. ಬಿಲ್ಲೆಯನ್ನು ಬದಲಾಯಿಸಿ ಹದವಾಗಿ ಬಿಗಿಯಿರಿ. ಕೊಳವೆಯೇ ಬಿರಿದಿದ್ದರೆ ಜೆಟ್ ಸಮೇತ ಹೊಸದು ಹಾಕಬೇಕು.

ರಬ್ಬರ್ ಈಗ ಬೇಗ ಕೆಡಲು ಇನ್ನೊಂದು ಕಾರಣವಿದೆ. ಕಬ್ಬು ಮತ್ತು ಧಾನ್ಯಗಳಿಂದ ತಯಾರಾಗುವ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ ನಮ್ಮ ದೇಶದಲ್ಲಿ 2022ರಲ್ಲಿ ಶೇಕಡಾ 10ನ್ನು ಮುಟ್ಟಿತು. ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದಲ್ಲೆಲ್ಲ ಆ ಪ್ರಮಾಣ ರೂಢಿಗೆ ಬಂದಿತು. ಕಬ್ಬು ಬೆಳೆಗಾರರಿಗೆ ಇದು ಅನುಕೂಲವೇ. ಆದರೆ ಹಳೆಯ ಕಾರುಗಳ ರಬ್ಬರ್ ಮತ್ತು ಬೆಂಡಿನ ಭಾಗಗಳು ಇದಕ್ಕಾಗಿ ಮಾಡಿದವಲ್ಲ. ಎಥನಾಲ್ ತಗುಲಿ ರಬ್ಬರ್ ಊದಿ ಮೆತ್ತಗಾಗುತ್ತದೆ, ಮತ್ತೆ ಒಣಗಿದಾಗ ಬಿರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಗಾಡಿಯ ಬಟ್ಟಲಿನಲ್ಲಿ ಬಿಳಿಯ ಕಿಲುಬು ಕಟ್ಟಬಹುದು. ಆದುದರಿಂದ ಕೊಳವೆ, ಬಿಲ್ಲೆಗಳನ್ನು ಕೊಳ್ಳುವಾಗ ಎಥನಾಲ್ ತಾಳುವಂಥವನ್ನೇ ಕೇಳಿ ಪಡೆಯಿರಿ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ದಾಸ್ತಾನು ಅಗ್ಗವೆಂದು ತರಬೇಡಿ.

ಎಂಜಿನ್ ಎಣ್ಣೆಯನ್ನೂ ನೋಡಿ

ಉಕ್ಕಿದ ಪೆಟ್ರೋಲ್ ಎಲ್ಲವೂ ಹೊರಗೆ ಬೀಳುವುದಿಲ್ಲ. ಒಂದಷ್ಟು ಎಂಜಿನ್ನಿನ ಒಳಗಿಳಿದು ಎಣ್ಣೆಯನ್ನು ಸೇರುತ್ತದೆ. ಪಂಪಿನ ಒಳಗಿನ ಡಯಾಫ್ರಮ್ ಹರಿದರೂ ಹೀಗೆಯೇ ಆಗುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿದ್ದರೆ, ಎಣ್ಣೆ ತೆಳುವಾಗಿ ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ ಚಾಲೂ ಮಾಡಬೇಡಿ. ತೆಳುವಾದ ಎಣ್ಣೆಯಿಂದ ಬೇರಿಂಗ್‌ಗಳು ಸವೆಯುತ್ತವೆ. ಸೋರಿಕೆ ಸರಿಪಡಿಸಿದ ಮೇಲೆ ಎಣ್ಣೆಯನ್ನೂ ಬದಲಾಯಿಸಿ.

ಪಂಪ್‌ಸೆಟ್ಟಿಗೂ ಇದೇ ಮಾತು

ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಸಣ್ಣ ಪಂಪ್‌ಸೆಟ್ ನಿಮ್ಮಲ್ಲಿದ್ದರೆ ಅದರ ಟ್ಯಾಂಕು ಎಂಜಿನ್ನಿನ ಮೇಲೆಯೇ ಇರುತ್ತದೆ. ಸೂಜಿ ಸೋರುತ್ತಿದ್ದು ನಲ್ಲಿ ತೆರೆದೇ ಇದ್ದರೆ ಟ್ಯಾಂಕು ಬರಿದಾಗುವವರೆಗೂ ಸೋರಿಕೆ ನಿಲ್ಲದು. ಸುಮಾರು 20 ಹನಿಗೆ ಒಂದು ಮಿಲಿ ಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿಯಂತೆ ಗಂಟೆಗೆ 180 ಮಿಲಿ ಲೀಟರ್, ರಾತ್ರಿಯ 8 ಗಂಟೆಗಳಲ್ಲಿ ಸುಮಾರು ಒಂದೂವರೆ ಲೀಟರ್ ಪೋಲಾಗುತ್ತದೆ. ಕೆಲಸ ಮುಗಿದೊಡನೆ ನಲ್ಲಿ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ.

ನೆನಪಿನಲ್ಲಿಡಿ

* ಸೋರುವ ಕೂಡಿಕೆಗೆ ಸೋಪು, ಅಂಟು, ದಾರ ಸುತ್ತಿ ಮುಚ್ಚಬೇಡಿ. ಅದರ ಚೂರು ಒಳಗೆ ಸೇರಿದರೆ ಜೆಟ್ ಕಟ್ಟಿಕೊಳ್ಳುತ್ತದೆ.
* ಕಳಚಿದ ಪ್ರತಿ ವಾಷರ್ ಮತ್ತು ಪ್ಯಾಕಿಂಗನ್ನು ಹೊಸದಾಗಿ ಹಾಕಿ.
* ಜೋಡಿಸಿದ ನಂತರ ಮತ್ತೆ ಸೀಮೆಸುಣ್ಣದ ಗೆರೆ ಎಳೆದು, ಪಂಪಿನ ಸನ್ನೆ ಆಡಿಸಿ, 10 ನಿಮಿಷ ಕಾದು ನೋಡಿ. ಎಲ್ಲ ಗೆರೆಗಳೂ ಒಣಗಿದ್ದರೆ ಮಾತ್ರ ಬ್ಯಾಟರಿ ತಂತಿ ಕೂಡಿಸಿ.
* ಗಾಡಿ ಬಹುದಿನ ನಿಲ್ಲುವುದಾದರೆ ಬಟ್ಟಲಿನ ಪೆಟ್ರೋಲ್ ಬಸಿದುಬಿಡಿ.
* ರಬ್ಬರ್ ಕೊಳವೆಗಳನ್ನು ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ಸೋರುವವರೆಗೆ ಕಾಯದೆ ಬದಲಾಯಿಸಿ.