ನದಿಯ ಜಾಡಿನಲ್ಲಿ ಆಂಡಲೂಸಿಯಾ

ಸ್ಪೇನ್‌ನ ದಕ್ಷಿಣ ತುದಿಯ ಆಂಡಲೂಸಿಯಾದಲ್ಲಿ ಎಂಟು ಪ್ರಾಂತ್ಯಗಳಿವೆ. ಟೂರ್ ಪ್ಯಾಕೇಜಿನವರ ಲೆಕ್ಕದಲ್ಲಿ ಮಾತ್ರ ಇರುವುದು ಮೂರೇ ಊರು: ಸೆವಿಲ್, ಕಾರ್ಡೊಬಾ, ಗ್ರನಾಡಾ. ಮೂರೂ ನೋಡತಕ್ಕವೇ, ತಕರಾರಿಲ್ಲ. ಆದರೆ ಈ ಸೀಮೆಯ ಒಳಗುಟ್ಟು ತಿಳಿಯಬೇಕಾದರೆ ಗ್ವಾದಲ್ಕಿವಿರ್ ನದಿಯ ಜಾಡು ಹಿಡಿಯಬೇಕು.

ನದಿ ಹುಟ್ಟುವುದು ಹಾಯೆನ್ ಪ್ರಾಂತ್ಯದ ಕಸೋರ್ಲಾ ಬೆಟ್ಟಗಳಲ್ಲಿ. ಇತ್ತ ಬರುವ ಪ್ರವಾಸಿಗರು ಕಡಿಮೆ. ಕಣ್ಣು ಹಾಯಿಸಿದಷ್ಟೂ ಆಲಿವ್ ತೋಟಗಳು. ಮರಗಳ ಸಂಖ್ಯೆ ಆರು ಕೋಟಿಗೂ ಮೇಲು. ಈ ತೋಟಗಳ ನಡುವಿನ ಉಬೆದಾ, ಬಯೇಸಾ ಎಂಬ ಪುಟ್ಟ ಊರುಗಳಲ್ಲಿ 16ನೇ ಶತಮಾನದ ಕಲ್ಲಿನ ಅರಮನೆಗಳು, ಚರ್ಚುಗಳು ಗದ್ದಲವಿಲ್ಲದೆ ನಿಂತಿವೆ. 2003ರಲ್ಲಿ ಇವು ಯುನೆಸ್ಕೊ ಪಟ್ಟಿ ಸೇರಿದವು.

ಅಲ್ಲಿಂದ ಕೆಳಗೆ ಕಾರ್ಡೊಬಾ. 8ನೇ ಶತಮಾನದಲ್ಲಿ ಶುರುವಾಗಿ ಇನ್ನೂರು ವರ್ಷ ಬೆಳೆಯುತ್ತಲೇ ಹೋದ ಮಸೀದಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಂಬಗಳಿವೆ, ಅವುಗಳ ಮೇಲೆ ಕೆಂಪು ಬಿಳಿ ಪಟ್ಟೆಯ ಕಮಾನುಗಳು. 1236ರಲ್ಲಿ ಊರು ಕ್ರೈಸ್ತ ರಾಜರ ಕೈಸೇರಿತು. 16ನೇ ಶತಮಾನದಲ್ಲಿ ಮಸೀದಿಯ ನಟ್ಟನಡುವೆ ಕೆಥೆಡ್ರಲ್ ಎದ್ದಿತು. ಚರ್ಚ್ ಆದದ್ದರಿಂದಲೇ ಕಟ್ಟಡ ಉಳಿಯಿತು ಎಂದು ವಾದಿಸುವವರಿದ್ದಾರೆ. ಇರಬಹುದು. ಕಂಬಗಳ ನಡುವೆ ಓಡಾಡಿ ಬಂದವರಿಗೆ ನಡುವಿನ ಆ ಅಬ್ಬರ ಸಪ್ಪೆ ಎನಿಸುವುದಂತೂ ನಿಜ.

ಅಮೆರಿಕದ ಬೆಳ್ಳಿ ತುಂಬಿದ ಹಡಗುಗಳು ಇದೇ ನದಿಯಲ್ಲಿ ಸೆವಿಲ್‌ವರೆಗೆ ಏರಿ ಬರುತ್ತಿದ್ದವು. ಊರಿನ ಸಿರಿಗೆ ಆ ಕಾಲದ ನಂಟಿದೆ. ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳಿಗೆ ದಾರಿ ಕಷ್ಟವಾಯಿತು; 1717ರಲ್ಲಿ ವ್ಯಾಪಾರದ ಕಚೇರಿಯೇ ಕಡಲ ತೀರದ ಕಾಡಿಸ್‌ಗೆ ಹೋಯಿತು. ಫಿನೀಷಿಯನ್ನರು ಕಟ್ಟಿದ ಕಾಡಿಸ್, ಯುರೋಪಿನ ಅತಿ ಹಳೆಯ ನಗರಗಳಲ್ಲಿ ಒಂದು.

ನದೀಮುಖದ ಆಚೆ ದಡ ಉಯೆಲ್ವಾ. ಹಕ್ಕಿಗಳ ಬೀಡಾದ ದೊನ್ಯಾನಾ ಜೌಗು ಅಲ್ಲಿದೆ. 1492ರ ಆಗಸ್ಟ್ 3ರಂದು ಕೊಲಂಬಸ್ ಹೊರಟದ್ದು ಈ ಪ್ರಾಂತ್ಯದ ಪಾಲೋಸ್ ಬಂದರಿನಿಂದ. ಪೂರ್ವದ ನಾಡುಗಳನ್ನು ಹುಡುಕಿ ಹೋದವನು ಭಾರತದತ್ತ ಬರಲೇ ಇಲ್ಲ. ಅವನು ಮುಟ್ಟಿದ ಸೀಮೆಯ ಮೆಣಸಿನಕಾಯಿ ಮಾತ್ರ ಪೋರ್ಚುಗೀಸರ ಕೈದಾಟಿ ನಮ್ಮ ಬ್ಯಾಡಗಿಯವರೆಗೂ ಬಂತು.

ನದಿಯ ಜಾಡು ಬಿಟ್ಟು ಪೂರ್ವಕ್ಕೆ ಹೋದರೆ ಗ್ರನಾಡಾದ ಅಲ್ಹಂಬ್ರಾ ಕೋಟೆ, ಅದರ ಬೆನ್ನಿಗೆ ಹಿಮದ ಸಿಯೆರಾ ನೆವಾಡಾ ಬೆಟ್ಟಸಾಲು. ಮಲಾಗಾ ಪಿಕಾಸೊ ಹುಟ್ಟಿದೂರು. ಅಲ್ಲಿನ ಬೀಚುಗಳಿಗಿಂತ ಒಳನಾಡಿನ ಕಮರಿ ಮೇಲಿನ ರೊಂಡಾ ಚೆಂದ. ಅಲ್ಮೆರಿಯಾದ್ದೇ ಬೇರೆ ಲೋಕ: ಒಂದೆಡೆ ಯುರೋಪಿಗೆ ತರಕಾರಿ ಬೆಳೆಯುವ ಪ್ಲಾಸ್ಟಿಕ್ ಹಸಿರುಮನೆಗಳು, ಇನ್ನೊಂದೆಡೆ ಕೌಬಾಯ್ ಸಿನಿಮಾಗಳನ್ನು ಚಿತ್ರೀಕರಿಸಿದ ತಬೆರ್ನಾಸ್ ಮರುಭೂಮಿ.

ಜುಲೈ, ಆಗಸ್ಟ್ ಬೇಡ. ಸೆವಿಲ್, ಕಾರ್ಡೊಬಾದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್ ಇಲ್ಲವೇ ಅಕ್ಟೋಬರ್ ವಾಸಿ. ಸಸ್ಯಾಹಾರಿಗಳು ಟೊಮೆಟೊದ ತಣ್ಣನೆಯ ಸೂಪ್ ಸಾಲ್ಮೊರೆಹೊ ಕೇಳುವಾಗ ಮೇಲೆ ಹಂದಿಮಾಂಸ, ಮೊಟ್ಟೆ ಹಾಕಬೇಡಿ ಎಂದು ಮೊದಲೇ ಹೇಳಿಬಿಡಿ. ಅಲ್ಹಂಬ್ರಾದ ನಸ್ರಿದ್ ಅರಮನೆಗಳಿಗೆ ಟಿಕೆಟ್‌ನಲ್ಲಿ ನಮೂದಿಸಿದ ಹೊತ್ತಿಗೇ ಪ್ರವೇಶ. ಹಾಗಾಗಿ ವಿಮಾನದ ಟಿಕೆಟ್ ಆದ ಕೂಡಲೇ ಅದನ್ನೂ ಕಾದಿರಿಸಿ. ದಿನ ಸಾಲದಿದ್ದರೆ ಮಲಾಗಾದ ಬೀಚು ಬಿಡಿ, ಉಬೆದಾದಲ್ಲಿ ಒಂದು ರಾತ್ರಿ ಉಳಿಯಿರಿ.