ತೊಡೆಸಂದಿನ ಹರ್ನಿಯಾ: ಸಂಕೋಚ ಬಿಡೋಣ, ಸಕಾಲಕ್ಕೆ ಚಿಕಿತ್ಸೆ ಪಡೆಯೋಣ

ಹಲ್ಲುನೋವನ್ನು ನಾಲ್ವರ ಮುಂದೆ ಹೇಳಿಕೊಳ್ಳುವ ನಾವು ತೊಡೆಸಂದಿನ ಗಂಟನ್ನು ಮಾತ್ರ ಮನೆಯವರಿಗೂ ತಿಳಿಸದೆ ಮುಚ್ಚಿಡುತ್ತೇವೆ. ಬೀಳಗಿ ತಾಲೂಕಿನ ಅನಗವಾಡಿಯಲ್ಲಿ, ಘಟಪ್ರಭೆಯ ದಂಡೆಯ ಕಬ್ಬಿನ ಹೊಲದಲ್ಲಿ ದುಡಿಯುತ್ತಿದ್ದಾಗ ನಾವೂ ಎರಡು ವರ್ಷ ಹೀಗೆಯೇ ಮುಚ್ಚಿಟ್ಟೆವು. ನಿಂತಾಗ, ಕೆಮ್ಮಿದಾಗ ನಿಂಬೆಹಣ್ಣಿನಷ್ಟು ಗಂಟು ಮೇಲೇಳುತ್ತಿತ್ತು, ಮಲಗಿದೊಡನೆ ಮರೆಯಾಗುತ್ತಿತ್ತು. ಒಂದು ಸಂಜೆ ಅದು ಒಳಸರಿಯದೆ ವಿಪರೀತ ನೋಯತೊಡಗಿದಾಗ ನಾಚಿಕೆಯನ್ನು ಬದಿಗಿಟ್ಟು ಆಸ್ಪತ್ರೆಗೆ ಧಾವಿಸಬೇಕಾಯಿತು. ಆ ಅನುಭವವೇ ಈ ಲೇಖನಕ್ಕೆ ಪ್ರೇರಣೆ.

ಹೊಟ್ಟೆಯ ಗೋಡೆಯ ಸ್ನಾಯು ತೊಡೆಸಂದಿನಲ್ಲಿ ದುರ್ಬಲಗೊಂಡು, ಒಳಗಿನ ಕೊಬ್ಬು ಇಲ್ಲವೆ ಕರುಳಿನ ಭಾಗ ಹೊರಚಾಚುವುದೇ ಹರ್ನಿಯಾ. ನಮ್ಮ ಹಳ್ಳಿಗಳಲ್ಲಿ ಇದನ್ನೂ, ವೃಷಣದ ಸುತ್ತ ನೀರು ತುಂಬುವ ಹೈಡ್ರೋಸೀಲನ್ನೂ ಅಂಡವಾಯು ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಯಾವುದೆಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಜೀವಮಾನದಲ್ಲಿ ಸುಮಾರು ನಾಲ್ವರು ಪುರುಷರಲ್ಲಿ ಒಬ್ಬರಿಗೆ ಬರುವ ಈ ತೊಂದರೆಯಲ್ಲಿ ನಾಚುವುದೇನಿದೆ? ಸ್ತ್ರೀಯರಿಗೂ ಮಕ್ಕಳಿಗೂ ಇದು ಬರಬಹುದು. ಹಳೆಯ ಕೆಮ್ಮು, ಧೂಮಪಾನ, ಮಲಬದ್ಧತೆ, ಮೂತ್ರಕ್ಕೆ ತಿಣುಕುವುದು, ಭಾರ ಎತ್ತುವುದು ಇದನ್ನು ಹೆಚ್ಚಿಸುತ್ತವೆ.

ಗುಳಿಗೆ, ಲೇಪ, ಸೊಂಟದ ಪಟ್ಟಿ ಇವಾವುವೂ ದುರ್ಬಲಗೊಂಡ ಗೋಡೆಯನ್ನು ಬಲಪಡಿಸಲಾರವು. ನೋವಿಲ್ಲದ ಸಣ್ಣ ಹರ್ನಿಯಾವನ್ನು ಕೆಲವು ಪುರುಷರಲ್ಲಿ ವೈದ್ಯರ ನಿಗಾದಲ್ಲಿ ಕಾದು ನೋಡಬಹುದು. ಆದರೆ ಗಂಟು ಒಳಹೋಗದೆ ಗಟ್ಟಿಯಾಗಿ, ನೋವು, ವಾಂತಿ ಆರಂಭವಾಗಿ, ಮಲ, ವಾಯು ನಿಂತರೆ ಕರುಳು ಸಿಕ್ಕಿಕೊಂಡು ರಕ್ತ ಸಂಚಾರ ನಿಂತಿರಬಹುದು. ಆಗ ತಿಕ್ಕುವುದು, ಬಲವಂತವಾಗಿ ಒತ್ತುವುದು ಬೇಡ. ಒಂದೊಂದು ಗಂಟೆಯೂ ಅಮೂಲ್ಯ; ಕೂಡಲೇ ಆಸ್ಪತ್ರೆ ಸೇರಬೇಕು.

ಶಸ್ತ್ರಕ್ರಿಯೆಗೆ ಮುನ್ನ ರಕ್ತ, ಸಕ್ಕರೆ, ರಕ್ತದೊತ್ತಡ ಮತ್ತು ಹೃದಯದ ಪರೀಕ್ಷೆ ಮಾಡುತ್ತಾರೆ. ಸೇವಿಸುವ ಔಷಧಿಗಳನ್ನೆಲ್ಲ, ವಿಶೇಷವಾಗಿ ರಕ್ತ ತೆಳುವಾಗಿಸುವ ಗುಳಿಗೆಗಳನ್ನು, ತಿಳಿಸಬೇಕು. ಬೀಡಿ, ತಂಬಾಕು ಬಿಡಬೇಕು. ಸಾಮಾನ್ಯವಾಗಿ 6 ಗಂಟೆ ಮೊದಲೇ ಆಹಾರ ನಿಲ್ಲಿಸಲು ಹೇಳುತ್ತಾರೆ. ಇಷ್ಟಲಿಂಗವನ್ನು ಧರಿಸಿ ಶಸ್ತ್ರಕ್ರಿಯೆಯ ಕೋಣೆಗೆ ಹೋಗಬಹುದೇ ಎಂಬ ಪ್ರಶ್ನೆ ಭಕ್ತರ ಮನಸ್ಸಿನಲ್ಲಿ ಏಳುವುದು ಸಹಜ. ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲಿನ ಲೋಹದ ವಸ್ತುಗಳನ್ನು ತೆಗೆಸುತ್ತಾರೆ. ಬೆಳ್ಳಿಯ ಕರಡಿಗೆಯೂ ಇದಕ್ಕೆ ಹೊರತಲ್ಲ. ಹಿಂದಿನ ದಿನವೇ ವೈದ್ಯರೊಡನೆ ಮಾತನಾಡಿದರೆ ಮನಸ್ಸಿಗೆ ನೆಮ್ಮದಿ.

ಇಟಲಿಯ ಬಸ್ಸಿನಿ ಎಂಬ ಶಸ್ತ್ರವೈದ್ಯರು 1880ರ ದಶಕದಲ್ಲಿ ಆರಂಭಿಸಿದ ಹೊಲಿಗೆಯ ಪದ್ಧತಿ ಬಹುಕಾಲ ನಡೆದುಬಂದಿತು. ಈಗ ಹೆಚ್ಚಾಗಿ ಹೊರಬಂದ ಭಾಗವನ್ನು ಒಳಸೇರಿಸಿ, ಕೃತಕ ನೂಲಿನ ತೆಳುವಾದ ಜಾಳಿಗೆಯಿಂದ ಗೋಡೆಗೆ ಬಲ ಕೊಡುತ್ತಾರೆ. ಇದರಿಂದ ಹರ್ನಿಯಾ ಮರುಕಳಿಸುವುದು ಬಹಳ ಕಡಿಮೆಯಾಗಿದೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುವ ತೆರೆದ ಶಸ್ತ್ರಕ್ರಿಯೆ, ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ ಮೂರು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಎರಡೂ ಬಳಕೆಯಲ್ಲಿವೆ. ಸುಮಾರು ಒಂದು ಗಂಟೆಯ ಕೆಲಸ. ಇದರಿಂದ ಪುರುಷತ್ವ ಕುಂದುವುದೆಂಬ ಭಯ ಅನೇಕರಲ್ಲಿದೆ, ಸಾಮಾನ್ಯವಾಗಿ ಹಾಗಾಗುವುದಿಲ್ಲ.

ಅಂದೇ ಅಥವಾ ಮರುದಿನ ಎದ್ದು ನಡೆದಾಡಿಸುತ್ತಾರೆ. ಒಂದೆರಡು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಕೆಲವು ದಿನ ನೋವು, ವೃಷಣದ ಸುತ್ತ ಬಾವು, ಚರ್ಮ ಕಪ್ಪಾಗುವುದು, ಗಾಯದ ಬಳಿ ಜೋಮು ಕಾಣಬಹುದು, ಗಾಬರಿ ಬೇಡ. ಕೆಮ್ಮುವಾಗ ಗಾಯದ ಮೇಲೆ ಅಂಗೈ ಒತ್ತಿ ಹಿಡಿಯಬೇಕು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮಜ್ಜಿಗೆ, ಸಾಕಷ್ಟು ನೀರು ಮಲಬದ್ಧತೆಯನ್ನು ತಡೆಯುತ್ತವೆ. ನೆಲದ ಮೇಲೆ ಕುಳಿತು ಪೂಜೆ ಮಾಡುವವರು ನೋವಿರುವವರೆಗೆ ಕುರ್ಚಿಯಲ್ಲಿ ಕುಳಿತರೆ ಭಕ್ತಿಗೆ ಕುಂದಿಲ್ಲ. ನೋವಿಲ್ಲದೆ ಬ್ರೇಕ್ ಒತ್ತಲು ಆಗುವವರೆಗೆ ಮೋಟಾರ್ ಸೈಕಲ್ ಬೇಡ. 4ರಿಂದ 6 ವಾರ ಕಬ್ಬಿನ ಹೊರೆ, ಗೊಬ್ಬರದ ಚೀಲ, ನೀರಿನ ಕೊಡ ಎತ್ತಬಾರದು. ಕಬ್ಬಿನ ಹಂಗಾಮು ಬಂತೆಂದು ಎರಡೇ ವಾರಕ್ಕೆ ಹೊಲಕ್ಕಿಳಿಯುವುದು ಸಲ್ಲದು. ಜ್ವರ, ಕೀವು, ರಕ್ತಸ್ರಾವ, ಹೆಚ್ಚುತ್ತಿರುವ ಬಾವು, ಮೂತ್ರ ಕಟ್ಟುವುದು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಮೂರು ತಿಂಗಳು ಮೀರಿಯೂ ನೋವು ಉಳಿದರೆ ಅದನ್ನೂ ಸಹಿಸಿ ಕೂಡಬಾರದು.

ನಮ್ಮ ಭಾಗದವರಿಗೆ ಬಾಗಲಕೋಟೆಯಲ್ಲಿಯೇ ಜಿಲ್ಲಾ ಆಸ್ಪತ್ರೆಯೂ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಯಿತು. ಪಡಿತರ ಚೀಟಿ, ಆಧಾರ್ ಕಾರ್ಡುಗಳೊಡನೆ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ಲೇಸು.

ಕಾಯಕವನ್ನು ನಂಬಿದವರು ಕಾಯವನ್ನು ಅಲಕ್ಷಿಸಬಾರದು. ಮನೆಯ ಹಿರಿಯರು ನಡೆಯುವಾಗ ತೊಡೆಸಂದಿಗೆ ಕೈಯೂರುತ್ತಿದ್ದರೆ ಮಕ್ಕಳು, ಸೊಸೆಯಂದಿರು ಸಂಕೋಚವಿಲ್ಲದೆ ಕೇಳಲಿ. ನಮ್ಮನ್ನು ಆ ಎರಡು ವರ್ಷಗಳಲ್ಲಿ ಯಾರಾದರೂ ಕೇಳಿದ್ದರೆ, ಬಹುಶಃ ಹೇಳಿಬಿಡುತ್ತಿದ್ದೆವು.