ಕರಾವಳಿಯ ಬೆಣ್ಣೆಗೆ ಬಾವಿನೀರೇ ಕಾವಲು

ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗಿಬಿಡುತ್ತದೆ. ಮಂಗಳೂರು ಬಳಿಯ ಸುರತ್ಕಲ್, ಕಾಟಿಪಳ್ಳದ ಏಪ್ರಿಲ್ ಮಧ್ಯಾಹ್ನಗಳ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಫ್ರಿಜ್ಜಿಲ್ಲದ ಕಾಲದಲ್ಲಿ, ಹಟ್ಟಿ ತುಂಬ ದನ ಕಟ್ಟಿದ್ದ ಗುತ್ತಿನ ಮನೆಗಳು ಇದರೊಂದಿಗೆ ಏಗಬೇಕಿತ್ತು.

ಇಂಗ್ಲೆಂಡಿನ ಜಮೀನುದಾರರಿಗೆ ಕೆಲಸ ಸುಲಭ. ಹಾಲಿನ ಮನೆಯನ್ನು ಉತ್ತರಕ್ಕೆ ತಿರುಗಿಸಿ ಕಟ್ಟಿ, ಸೂರು ಮುಂಚಾಚಿ, ಕಲ್ಲಿನ ಹಲಗೆಗಳ ಮೇಲೆ ಪಾತ್ರೆ ಇಟ್ಟರಾಯಿತು. 1858ರಲ್ಲಿ ವಿಕ್ಟೋರಿಯಾ ರಾಣಿಗಾಗಿ ವಿಂಡ್ಸರ್ ಬಳಿಯ ಫ್ರಾಗ್‌ಮೋರ್‌ನಲ್ಲಿ ಕಟ್ಟಿದ ಡೈರಿಗೆ ಅಮೃತಶಿಲೆಯ ಮೇಜು, ಬಣ್ಣದ ಟೈಲ್ಸು, ಕಾರಂಜಿ ಎಲ್ಲ ಇದ್ದವು. ಬೆಣ್ಣೆಗಿಂತ ನೋಡಬಂದ ನೆಂಟರಿಗೇ ಕಟ್ಟಿಸಿದಂತಿದೆ ಬಿಡಿ!

ನಮ್ಮಲ್ಲೂ ಅರಮನೆಯ ಹೈನು ಇತ್ತು. ಚಿಕ್ಕದೇವರಾಜ ಒಡೆಯರು (1673–1704) ಮೈಸೂರಿನಲ್ಲಿ ‘ಬೆಣ್ಣೆ ಚಾವಡಿ’ ಸ್ಥಾಪಿಸಿದರು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಬಯಲುಸೀಮೆಯ ಒಣ ಗಾಳಿಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತಿದರೆ ನೀರು ಆರುತ್ತ ಒಳಗಿನದು ತಣ್ಣಗಾಗುತ್ತದೆ. ಕರಾವಳಿಯಲ್ಲಿ ಆ ಉಪಾಯ ಅಷ್ಟಾಗಿ ನಡೆಯದು. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಬಟ್ಟೆ ಆರುವುದು ಎಲ್ಲಿಂದ?

ಹಾಗಾಗಿ ಇಲ್ಲಿಯವರು ಹಾಲನ್ನು ಹಾಲಾಗಿ ಉಳಿಸುವ ಹಟಕ್ಕೇ ಹೋಗಲಿಲ್ಲ. ಕಾಯಿಸಿ ಹೆಪ್ಪು ಹಾಕುವುದು, ಬೆಳಕು ಹರಿಯುವ ಮೊದಲೇ ಕಡೆಗೋಲು ಹಿಡಿಯುವುದು. ಮೊಸರು ತಣ್ಣಗಿದ್ದರಷ್ಟೇ ಬೆಣ್ಣೆ ಮುದ್ದೆಯಾಗುತ್ತದೆ. ಮುದ್ದೆಯನ್ನು ತೊಳೆದು ಬಾವಿನೀರು ತುಂಬಿದ ಭರಣಿಯಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸುವುದು. ಬಾವಿಯ ಆಳದ ನೀರು ಬೇಸಿಗೆಯ ಮಧ್ಯಾಹ್ನದಲ್ಲೂ ಹೊರಗಿನ ಗಾಳಿಗಿಂತ ತಂಪು. ಮುಳುಗಿದ ಬೆಣ್ಣೆಗೆ ಗಾಳಿ ತಾಗದ್ದರಿಂದ ಬೇಗ ಕಮಟುವುದೂ ಇಲ್ಲ. ಮುರಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು, ಸೆಗಣಿ ಸಾರಿಸಿದ ನೆಲದ ಕತ್ತಲೆ ಕೋಣೆ ಉಳಿದದ್ದನ್ನು ನೋಡಿಕೊಳ್ಳುತ್ತಿದ್ದವು. ಬೆಕ್ಕು, ಇರುವೆಗಳ ಕೈಗೆಟುಕದಂತೆ ತೂಗುವ ನೆಲುವಿನ ಮೇಲೆ ಗಡಿಗೆ. ನಾಲ್ಕಾರು ದಿನದ ಬೆಣ್ಣೆ ಕೂಡಿದ ಮೇಲೆ ವೀಳ್ಯದೆಲೆ ಹಾಕಿ ಕಾಯಿಸಿದರೆ ತುಪ್ಪ. ನೀರಿನಂಶ ಆರಿಹೋದ ತುಪ್ಪಕ್ಕೆ ತಂಪಿನ ಹಂಗೇ ಇಲ್ಲ.

ಕಾಟಿಪಳ್ಳದಲ್ಲಿ ಈ ಕ್ರಮ ಕಳಚಿದ್ದರ ಹಿಂದೆ ಬಂದರೂ ಇದೆ. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗಾಗಿ ಪಣಂಬೂರು ಸುತ್ತಲಿನ ಕುಟುಂಬಗಳು ಗದ್ದೆ, ಹಟ್ಟಿ ಬಿಟ್ಟು ಕಾಟಿಪಳ್ಳ–ಕೃಷ್ಣಾಪುರದ ಬ್ಲಾಕುಗಳಿಗೆ ಬಂದವು. ಸೆಂಟ್ಸ್ ಲೆಕ್ಕದ ಜಾಗದಲ್ಲಿ ದನ ಮೇಯುವುದೆಲ್ಲಿ? ಈಗ ಸಹಕಾರಿ ಸಂಘಗಳ ಕೂಲರಿನಲ್ಲಿ 4 ಡಿಗ್ರಿಗೆ ಇಳಿದ ಹಾಲು ಕುಲಶೇಖರದ ಡೈರಿ ಸೇರಿ ನಂದಿನಿ ಪ್ಯಾಕೆಟ್ಟಾಗಿ ಮನೆಗೆ ಬರುತ್ತದೆ. ಅದರ ಕೆನೆ ಕೂಡಿಟ್ಟು ಮಿಕ್ಸಿಯಲ್ಲಿ ಬೆಣ್ಣೆ ತೆಗೆಯುವವರು ಈಗಲೂ ಇದ್ದಾರೆ. ಸೆಕೆಗಾಲದಲ್ಲಿ ಜಾರಿಗೆ ನಾಲ್ಕು ಐಸ್ ತುಂಡು ಹಾಕದಿದ್ದರೆ ಮಾತ್ರ ಬೆಣ್ಣೆ ಮುದ್ದೆಗಟ್ಟದೆ ಮಜ್ಜಿಗೆಯಲ್ಲೇ ಕದಡಿಕೊಂಡಿರುತ್ತದೆ.